ಗೋಚರ ಬೆಳಕಿನ ಸಂವಹನ

ಎಲ್‌ಇಡಿ ದೀಪದ ಬೆಳಕಿನ ಮೂಲಕ, ತಂತಿಯಿಲ್ಲದೆ, ದತ್ತಾಂಶ ಕಳುಹಿಸುವ ತಂತ್ರ. ರೇಡಿಯೊ ಅಲೆಗಳ ಕೆಲಸವನ್ನು ಇಲ್ಲಿ ಸುಮಾರು 380ರಿಂದ 750 ನ್ಯಾನೋಮೀಟರ್ ತರಂಗಾಂತರದ ಬೆಳಕು ಮಾಡುತ್ತದೆ. ಇದರಿಂದ ಬೆಳೆದ ಅತಿವೇಗದ ಜಾಲಕ್ಕೆ ‘ಲೈ–ಫೈ’ ಎಂದು ಹೆಸರು.

ಬೆಳಕಿನ ಮೇಲೆ ಮಾತು ಹೊರಿಸುವ ಹಂಬಲ ಹಳೆಯದು. 1880ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಚಾರ್ಲ್ಸ್ ಸಮ್ನರ್ ಟೇಂಟರ್ ವಾಷಿಂಗ್ಟನ್ನಿನಲ್ಲಿ ಕನ್ನಡಿಯಿಂದ ಪ್ರತಿಫಲಿಸಿದ ಬಿಸಿಲಿನ ಮೂಲಕ ಸುಮಾರು 200 ಮೀಟರ್ ದೂರಕ್ಕೆ ಧ್ವನಿ ಮುಟ್ಟಿಸಿದ್ದರು. ಮೋಡ ಕವಿದರೆ ಆ ‘ಫೋಟೊಫೋನ್’ ಮೂಕವಾಗುತ್ತಿತ್ತು. ಬಿಳಿ ಎಲ್‌ಇಡಿ ಬಂದ ಮೇಲೆ, ಈ ಶತಮಾನದ ಮೊದಲ ವರ್ಷಗಳಲ್ಲಿ, ಜಪಾನಿನ ಕೇಯೊ ವಿಶ್ವವಿದ್ಯಾಲಯದ ಮಸಾವೊ ನಕಗಾವ ಅವರ ಪ್ರಯೋಗಾಲಯ ಮನೆಯ ದೀಪವನ್ನೇ ಪ್ರಸಾರಕವಾಗಿಸುವ ದಾರಿ ತೋರಿಸಿತು. ‘ಲೈ–ಫೈ’ ಪದವನ್ನು 2011ರಲ್ಲಿ ಬಳಕೆಗೆ ತಂದವರು ಎಡಿನ್‌ಬರೊ ವಿಶ್ವವಿದ್ಯಾಲಯದ ಹೆರಾಲ್ಡ್ ಹಾಸ್.

ಎಲ್‌ಇಡಿ ಅರೆವಾಹಕ ಸಾಧನವಾದ್ದರಿಂದ ಅದರೊಳಗಿನ ವಿದ್ಯುತ್ತನ್ನು ಸೆಕೆಂಡಿಗೆ ಲಕ್ಷಾಂತರ ಸಲ ಏರಿಳಿಸಬಹುದು. ಕಣ್ಣಿಗೆ ದೀಪ ಒಂದೇ ಸಮ ಉರಿದಂತೆ ಕಾಣುತ್ತದೆ. ಎದುರಿನ ಫೋಟೊಡಯೋಡ್ ಮಾತ್ರ ಏರಿಳಿತವನ್ನು ಗುರುತಿಸಿ ಒಂದು–ಸೊನ್ನೆಗಳಾಗಿ ಓದುತ್ತದೆ. ತೊಡಕಿರುವುದು ಬಿಳಿ ಬಣ್ಣ ಹುಟ್ಟುವ ರೀತಿಯಲ್ಲಿ. ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ ಇರುವುದು ನೀಲಿ ಚಿಪ್, ಅದರ ಮೇಲೊಂದು ಫಾಸ್ಫರ್ ಲೇಪ. ನೀಲಿ ಆರಿದರೂ ಲೇಪದ ಹಳದಿ ಹೊಳಪು ಕ್ಷಣಾಂಶ ಉಳಿದು ಮುಂದಿನ ಸಂಕೇತದೊಳಕ್ಕೆ ಸೇರಿಕೊಳ್ಳುವುದರಿಂದ, ಬಳಸಬಹುದಾದ ಆವೃತ್ತಿ ಪಟ್ಟಿ ಕೆಲವೇ ಮೆಗಾಹರ್ಟ್ಸ್‌ಗೆ ಕುಗ್ಗುತ್ತದೆ. ಪರಿಹಾರವಾಗಿ ಗ್ರಾಹಕದ ಮುಂದೆ ನೀಲಿಯನ್ನಷ್ಟೇ ಬಿಡುವ ಶೋಧಕ ಇಡುತ್ತಾರೆ. ಕೆಂಪು, ಹಸಿರು, ನೀಲಿ ಎಲ್‌ಇಡಿಗಳನ್ನು ಬೆರೆಸಿ, ಒಂದೊಂದು ಬಣ್ಣದಲ್ಲೂ ಬೇರೆ ದತ್ತಾಂಶ ಕಳುಹಿಸುವುದು ಇನ್ನೊಂದು ಉಪಾಯ, ದುಬಾರಿಯದು.

ಬೆಳಕು ಗೋಡೆ ದಾಟುವುದಿಲ್ಲ. ಪಕ್ಕದ ಕೋಣೆಯವರು ಸಂಕೇತ ಕದಿಯಲಾರರು, ಅಲ್ಲಿನ ಜಾಲಕ್ಕೆ ಅಡ್ಡಿಯೂ ಆಗದು. ಆದರೆ ಗ್ರಾಹಕದ ಮೇಲೆ ಕೈ ಅಡ್ಡ ಬಂದರೂ ಸಂಪರ್ಕ ಕಡಿಯಬಹುದು. ವೈ–ಫೈಗೆ ಇದು ಬದಲಿ ಎಂಬ ಪ್ರಚಾರ ಅತಿಯಾದದ್ದು, ಜೊತೆಗಾರ ಎನ್ನುವುದೇ ಸರಿ. ರೇಡಿಯೊ ಅಲೆಗಳನ್ನು ಬೇಗ ಹೀರಿಬಿಡುವ ಸಮುದ್ರದ ನೀರಿನಲ್ಲಿ ಮಾತ್ರ ನೀಲಿ–ಹಸಿರು ಬೆಳಕಿನದೇ ಮೇಲುಗೈ.

2011ರಲ್ಲಿ ಪ್ರಕಟವಾದ ಐಇಇಇ 802.15.7 ಮಾನಕ ಗೋಚರ ಬೆಳಕನ್ನೇ ನಂಬಿತ್ತು. ಆದರೆ ಫೋನಿನಿಂದ ದೀಪಕ್ಕೆ ಉತ್ತರ ಕಳುಹಿಸಬೇಕಾದರೆ ಕೈಯಲ್ಲಿರುವ ಫೋನೂ ಬೆಳಗುತ್ತಿರಬೇಕು. ಅದನ್ನು ಯಾರೂ ಸಹಿಸರು. ಲೈ–ಫೈಯನ್ನು ವೈ–ಫೈ ಕುಟುಂಬಕ್ಕೆ ಸೇರಿಸಿದ 2023ರ 802.11ಬಿಬಿ ಮಾನಕ ಎರಡೂ ದಿಕ್ಕಿಗೆ 800ರಿಂದ 1,000 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಆರಿಸಿಕೊಂಡಿದೆ.