ಸೈಪ್ರಸ್‌ಗೆ ಹೊರಟ ಅಣ್ಣ, ಬೆಂಗಳೂರಿಗೆ ಬಂದ ತಾತ

ಭಾಗ 1

ನಮ್ಮಣ್ಣ ಸೈಪ್ರಸ್‌ಗೆ ಶಿಫ್ಟ್ ಆಗ್ತಾನಂತೆ. ಹೋದ ತಿಂಗಳು ಒಂದು ಭಾನುವಾರ ದೋಸೆ ತಿನ್ನುವಾಗ ಹೇಳಿದ. ಕೆಲಸ ರಿಮೋಟ್, ಎಲ್ಲಿ ಕೂತು ಮಾಡಿದ್ರೂ ಕಂಪನಿಗೆ ಓಕೆ. ಮೆಡಿಟರೇನಿಯನ್ ಬಿಸಿಲು, ಮನೆಯಿಂದ ನಡೆದುಹೋಗುವಷ್ಟು ಹತ್ತಿರ ಸಮುದ್ರ, ಟ್ರಾಫಿಕ್ ಇಲ್ಲ, ಟ್ಯಾಕ್ಸ್ ಕಮ್ಮಿ. ಲ್ಯಾಪ್‌ಟಾಪಲ್ಲಿ ಎಕ್ಸೆಲ್ ಶೀಟ್ ಕೂಡ ರೆಡಿ ಇತ್ತು. ಅಪ್ಪ ಚಟ್ನಿ ಬಟ್ಟಲು ಪಕ್ಕಕ್ಕಿಟ್ಟು, "ಜಯನಗರದಲ್ಲಿ ಬಿಸಿಲಿಲ್ವೇನೋ?" ಅಂದ್ರು. ಆಮೇಲೆ ಆ ದಿನ ಮನೇಲಿ ಯಾರೂ ಸರಿಯಾಗಿ ಮಾತಾಡ್ಲಿಲ್ಲ.

ನಾನು ಹಿಸ್ಟರಿ ಸ್ಟೂಡೆಂಟ್. ಜಗಳ ಬಿಡಿಸೋಕೆ ಬರಲ್ಲ, ಹಿಂದಕ್ಕೆ ಹೋಗಿ ನೋಡೋಕೆ ಬರುತ್ತೆ. ಹೋಗಿ ನೋಡಿದ್ರೆ ತಮಾಷೆ ಏನಂದ್ರೆ, ಒಂದು ಕಾಲಕ್ಕೆ ಬೆಂಗಳೂರೇ ಆ ದ್ವೀಪ ಆಗಿತ್ತು.

ಭಾಗ 2

1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಗೆದ್ದ ಊರು ಸರಿ, ಆದರೆ ಸೊಳ್ಳೆ ಮತ್ತು ಜ್ವರ ಬಿಡಲಿಲ್ಲ. 1809ರ ಹೊತ್ತಿಗೆ ಹಲಸೂರಿನ ಪಕ್ಕದಲ್ಲಿ ಬೆಂಗಳೂರು ದಂಡು ಶುರುವಾಯ್ತು. ಅಂದರೆ ನಮ್ಮ ಕಂಟೋನ್ಮೆಂಟ್ ಹುಟ್ಟಿದ್ದರ ಹಿಂದೆ ಇದ್ದ ಒಂದು ದೊಡ್ಡ ಕಾರಣ ಹವಾ. 900 ಮೀಟರ್ ಎತ್ತರ, ಬೇಸಿಗೆಯಲ್ಲೂ ರಾತ್ರಿ ನಿದ್ದೆ ಬರುವಂಥ ಊರು. ರಿಟೈರ್ ಆದ ಸಾಹೇಬರು ಮನೆಗೆ ವಾಪಸ್ ಹೋಗದೆ ಇಲ್ಲೇ ಬಂಗಲೆ ಕಟ್ಟಿಕೊಂಡರು. ಪೆನ್ಷನ್ ದುಡ್ಡಲ್ಲಿ ಲಂಡನ್ನಿನಲ್ಲಿ ಎರಡು ರೂಮು ಸಿಗೋದು ಕಷ್ಟ, ಇಲ್ಲಿ ಗುಲಾಬಿ ತೋಟ, ಬಟ್ಲರ್, ಕುದುರೆಗಾಡಿ ಎಲ್ಲಾ. ಅಣ್ಣನ ಎಕ್ಸೆಲ್ ಶೀಟ್ ಅವರ ಹತ್ರ ಇರ್ಲಿಲ್ಲ, ಲೆಕ್ಕ ಮಾತ್ರ ಅದೇ.

1896ರಲ್ಲಿ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಕ್ಲಬ್ಬಿಗೆ 13 ರೂಪಾಯಿ ಬಾಕಿ ಇಟ್ಟು ಹೋದ ಕಥೆ ನಿಮಗೆಲ್ಲ ಗೊತ್ತು, ಬೆಂಗಳೂರು ಕ್ಲಬ್ಬಿನ ಲೆಡ್ಜರಲ್ಲಿ ಇವತ್ತಿಗೂ ಇದೆ. ಹೊರಗಿಂದ ಬಂದು ಆರಾಮಾಗಿ ಬದುಕಿ ಬಿಲ್ ಕೊಡದೆ ಹೋದವರಲ್ಲಿ ಇವರೊಬ್ಬರು ಅಷ್ಟೇ.

ಭಾಗ 3

ಇನ್ನು ತೆರಿಗೆ. ಇದನ್ನ ನಮ್ಮ ಪಠ್ಯಪುಸ್ತಕ ಹೇಳಿಕೊಡಲ್ಲ.

ಸ್ವಾತಂತ್ರ್ಯಕ್ಕೆ ಮುಂಚೆ ಮೈಸೂರು ಬೇರೆ ಸಂಸ್ಥಾನ. ಬ್ರಿಟಿಷ್ ಇಂಡಿಯಾದ ಆದಾಯ ತೆರಿಗೆ ಕಾಯಿದೆ ಬೇರೆ, ಮೈಸೂರಿನದು ಬೇರೆ. ನಮ್ಮದು 1923ರ ಕಾಯಿದೆ. ಎರಡನೇ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಹೆಚ್ಚುವರಿ ಲಾಭದ ಮೇಲೆ ಹೊಸ ತೆರಿಗೆ ಹಾಕಿತು: 1940ರಲ್ಲಿ 50 ಪರ್ಸೆಂಟ್, ಮುಂದಿನ ವರ್ಷವೇ 66ಕ್ಕೂ ಮೇಲೆ. ಬಾಂಬೆ, ಕಲ್ಕತ್ತಾದ ದೊಡ್ಡ ಸಾಹುಕಾರರ ಕಣ್ಣು ಸಂಸ್ಥಾನಗಳ ಕಡೆ ತಿರುಗಿದ್ದರಲ್ಲಿ ಆಶ್ಚರ್ಯ ಏನಿದೆ? ಸಂಸ್ಥಾನಗಳೂ ಜಾಗ, ಕರೆಂಟು, ರಿಯಾಯ್ತಿ ತೋರಿಸಿ ಕರೀತಿದ್ದವು.

ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಈ ಆಟದಲ್ಲಿ ಪಳಗಿದವರು. ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ಮೈಸೂರು ಸರ್ಕಾರ ಸುಮಾರು 700 ಎಕರೆ ಬಿಟ್ಟಿ ಕೊಟ್ಟಿತು, ಮೇಲೆ 25 ಲಕ್ಷ ರೂಪಾಯಿ ಬಂಡವಾಳ ಹಾಕಿತು. 1940ರ ಡಿಸೆಂಬರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಅದೇ ಇವತ್ತಿನ ಎಚ್‌ಎಎಲ್. ಹವಾ ಚೆನ್ನಾಗಿದೆ, ಕರೆಂಟ್ ಇದೆ, ಸರ್ಕಾರ ನಮ್ಮ ಪರ ಇದೆ. ಇವತ್ತು ಸೈಪ್ರಸ್, ಮಾಲ್ಟಾದವರು ಹಾಕೋ ಜಾಹೀರಾತಿಗೂ ಇದಕ್ಕೂ ವ್ಯತ್ಯಾಸ ತೋರಿಸಿ ನೋಡೋಣ. (ಒಂದು ವ್ಯತ್ಯಾಸ ಇದೆ. ಮಿರ್ಜಾ ಕರೆದದ್ದು ಕಾರ್ಖಾನೆಯನ್ನ, ಅದರ ಹಿಂದೆ ಸಾವಿರಾರು ಕೆಲಸ ಬಂತು. ಬೀಚ್ ಫ್ಲ್ಯಾಟ್ ಹಿಂದೆ ಏನು ಬರುತ್ತೆ?)

ತೆರಿಗೆ ಜಾಸ್ತಿ ಆದ್ರೆ ಊರು ಬಿಡೋದು ನಮ್ಮ ಜನಕ್ಕೂ ಹೊಸದಲ್ಲ. ಶಾಸನ ಓದಿದವರಿಗೆ ಗೊತ್ತು: ರೈತರು, ನೇಕಾರರು ಒಟ್ಟಿಗೆ ಊರು ಖಾಲಿ ಮಾಡ್ತಿದ್ರು, ಅವರನ್ನ ವಾಪಸ್ ಕರೆಸೋಕೆ ಅರಸರು ಸುಂಕ ಬಿಡ್ತಿದ್ರು. ಆದರೆ ಅವರು ಹೋಗ್ತಿದ್ದದ್ದು ಗುಂಪಾಗಿ, ವಾಪಸ್ ಬರೋ ಲೆಕ್ಕದಲ್ಲಿ. ಅದು ಒಂಥರಾ ಮುಷ್ಕರ. ಒಬ್ಬನೇ ಟಿಕೆಟ್ ತಗೊಂಡು ಹೋದ್ರೆ ವಾಪಸ್ ಕರೆಯೋಕೆ ಯಾವ ಅರಸನೂ ಬರಲ್ಲ.

ಭಾಗ 4

ನಮ್ಮ ತಾತ ಹಾಸನದ ಕಡೆಯವರು. ಎಚ್‌ಎಎಲ್‌ನಲ್ಲಿ ಕೆಲಸ ಸಿಕ್ಕಿ 50ರ ದಶಕದಲ್ಲಿ ಬಂದ್ರು. ಅಷ್ಟೊತ್ತಿಗೆ ಮೈಸೂರಿನ ಪ್ರತ್ಯೇಕ ಆದಾಯ ತೆರಿಗೆ ಮುಗಿದಿತ್ತು. 1950ರ ಏಪ್ರಿಲ್ 1ರಿಂದ ಇಡೀ ದೇಶದ ಕಾಯಿದೆ ಇಲ್ಲಿಗೂ ಬಂತು. ಒಂದೇ ಸಲ ಹೊರೆ ಬೀಳದ ಹಾಗೆ ಹಳೇ ಸಂಸ್ಥಾನಗಳಿಗೆ ಕೆಲವು ವರ್ಷ ರಿಯಾಯ್ತಿ ಇತ್ತು, ಆಮೇಲೆ ಅದೂ ಹೋಯ್ತು.

ಜಯನಗರಕ್ಕೆ ಅಡಿಗಲ್ಲು ಬಿದ್ದಿದ್ದು 1948ರ ಆಗಸ್ಟಲ್ಲಿ, ಗವರ್ನರ್ ಜನರಲ್ ರಾಜಾಜಿಯವರ ಕೈಯಿಂದ. ಅಶೋಕ ಪಿಲ್ಲರ್ ಹತ್ರ ಬಸ್ಸಿಗೆ ಕಾಯೋವಾಗ ಒಮ್ಮೆ ತಲೆ ಎತ್ತಿ ನೋಡಿ, ಅದು ಆ ದಿನದ ಗುರುತು. ಸೈಟುಗಳನ್ನ ಹಂಚಿದ್ದು ಬಿಡಿಎ ಅಲ್ಲ, ಅದು ಹುಟ್ಟಿದ್ದು 1976ರಲ್ಲಿ. ಮುಂಚೆ ಇದ್ದದ್ದು ಸಿಐಟಿಬಿ. ತಾತ ಸೈಟ್ ನೋಡೋಕೆ ಬಂದಾಗ ಸುತ್ತ ರಾಗಿ ಹೊಲ, ಕೆರೆ, ನರಿ ಕೂಗು. "ಈ ಕಾಡಲ್ಲಿ ಯಾರು ಇರ್ತಾರೆ" ಅಂತ ಅಜ್ಜಿ ಅತ್ತಿದ್ರಂತೆ. ಊರಲ್ಲಿ ಮುತ್ತಾತನೂ ಮಾತು ಬಿಟ್ಟಿದ್ರಂತೆ, ಗದ್ದೆ ನೋಡ್ಕೊಳ್ಳೋ ಮಗ ಸಂಬಳದ ಆಸೆಗೆ ಹೋದ ಅಂತ. ಈ ವಿಷಯ ಅಜ್ಜಿ ಹೇಳಿದ್ದು ಆ ಭಾನುವಾರ ರಾತ್ರಿ, ಅಪ್ಪನ ಎದುರಿಗೇ. ಅಪ್ಪ ಟಿವಿ ಸೌಂಡ್ ಜಾಸ್ತಿ ಮಾಡಿದ್ರು.

ಇನ್ನೊಂದು ಮಾತು. ಅಣ್ಣನ ಸಾಫ್ಟ್‌ವೇರ್ ಸಂಬಳವೂ ಆಕಾಶದಿಂದ ಬಿದ್ದಿದ್ದಲ್ಲ. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ ಬಂತು. ಅಂಥ ಕಂಪನಿಗಳ ರಫ್ತು ಲಾಭಕ್ಕೆ ತೆರಿಗೆ ರಜೆ. ಅದು ಪೂರ್ತಿ ಮುಗಿದದ್ದು 2011ರ ಮಾರ್ಚ್ 31ಕ್ಕೆ. ಈ ಊರಿನ ಐಟಿ ಬೆಳೆದದ್ದೇ ಸರ್ಕಾರ ಬಿಟ್ಟುಕೊಟ್ಟ ತೆರಿಗೆಯ ಮೇಲೆ. ಬಿಟಿಎಂ ಅಂದ್ರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನೋ ಮೂರು ಹಳ್ಳಿ ಅಂತ ಅಲ್ಲಿ ಪಿಜಿಯಲ್ಲಿ ಇರೋ ಎಷ್ಟು ಜನಕ್ಕೆ ಗೊತ್ತು?

ಭಾಗ 5

ಈಗ ಸೈಪ್ರಸ್ ಕಡೆಯಿಂದ ನೋಡೋಣ. ನಾನು ಬೆಚ್ಚಿಬಿದ್ದದ್ದು ಇಲ್ಲಿ.

ಹೊರಗಿಂದ ಬಂದು ನೆಲೆಸೋರಿಗೆ ಅಲ್ಲಿ 2015ರಿಂದ 'ನಾನ್-ಡೋಮ್' ಅನ್ನೋ ಸೌಲಭ್ಯ ಇದೆ. ಡಿವಿಡೆಂಡು, ಬಡ್ಡಿ ಮೇಲೆ ಅಲ್ಲಿಯವರು ಕಟ್ಟೋ ಒಂದು ತೆರಿಗೆ 17 ವರ್ಷದವರೆಗೆ ಇವರಿಗಿಲ್ಲ. ಆ ತೆರಿಗೆಯ ಹೆಸರು ಏನು ಗೊತ್ತಾ? ರಕ್ಷಣೆಗಾಗಿ ವಿಶೇಷ ಕೊಡುಗೆ. ಯಾಕಂದ್ರೆ ಅದು ಒಡೆದ ದ್ವೀಪ. 1974ರಿಂದ ಉತ್ತರ ಭಾಗದಲ್ಲಿ ಟರ್ಕಿ ಸೇನೆ ಇದೆ, ರಾಜಧಾನಿ ನಿಕೋಸಿಯಾದ ನಡುವೆ ಗಡಿ ಹಾದುಹೋಗುತ್ತೆ. ಅದಕ್ಕೂ ಮುಂಚೆ, 1963ರ ಕೊನೆಯಲ್ಲೇ ಗ್ರೀಕ್ ಮತ್ತು ಟರ್ಕಿಷ್ ಸೈಪ್ರಿಯಟ್ಟರ ನಡುವೆ ರಕ್ತ ಹರಿದು, 1964ರಲ್ಲಿ ವಿಶ್ವಸಂಸ್ಥೆ ಶಾಂತಿಪಡೆ ಕಳಿಸಿತು.

ಆ ಪಡೆಯ ಎರಡನೇ ಮುಖ್ಯಸ್ಥ ಯಾರು? ನಮ್ಮ ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. 1906ರಲ್ಲಿ ಹುಟ್ಟಿದವರು, ಬೆಂಗಳೂರಿನ ಬಿಷಪ್ ಕಾಟನ್ಸ್‌ನಲ್ಲಿ ಓದಿದವರು, 1957ರಿಂದ 61ರವರೆಗೆ ಭಾರತದ ಸೇನಾ ಮುಖ್ಯಸ್ಥರು. ನಿವೃತ್ತಿಯ ನಂತರ ಕೊಡಗಿನ ತೋಟದಲ್ಲಿ ಹಾಯಾಗಿ ಇರಬಹುದಿತ್ತು. 1964ರ ಜುಲೈಯಲ್ಲಿ ಸೈಪ್ರಸ್‌ಗೆ ಹೋದ್ರು. ಎರಡೂ ಕಡೆಯವರ ಜೊತೆ ಮಾತಾಡ್ತಾ, ಗುಂಡು ಹಾರದ ಹಾಗೆ ನೋಡ್ಕೊಳ್ತಾ ಇದ್ದ ಮನುಷ್ಯ 1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ದೇಹ ಬೆಂಗಳೂರಿಗೆ ಬಂತು. ಮುಂದಿನ ವರ್ಷ ಸೈಪ್ರಸ್ ಅವರ ಅಂಚೆಚೀಟಿ ತಂದಿತು. ಇಲ್ಲಿ ರಿಚ್ಮಂಡ್ ರೋಡಿಗೆ ಅವರ ಹೆಸರಿದೆ, ಆಟೋದವರಿಗೆ ಆ ಹೆಸರು ಹೇಳಿದ್ರೆ ಮಾತ್ರ ಗೊತ್ತಾಗಲ್ಲ.

ಆ ದ್ವೀಪದ ಬಿಸಿಲಿಗೆ ಕರ್ನಾಟಕದವರು ಒಬ್ಬರು ಮುಂಚೆಯೇ ಬೆಲೆ ಕೊಟ್ಟಿದ್ದಾರೆ. ಅಣ್ಣನಿಗೆ ವಿನಾಯ್ತಿ ಸಿಗೋದು ಅದೇ ರಕ್ಷಣೆಯ ತೆರಿಗೆಯಿಂದ. ಇದನ್ನ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ "ರೂಲ್ ನಾನು ಮಾಡಿದ್ದಲ್ವಲ್ಲೋ" ಅಂದ. ನಿಜ, ಅವನು ಮಾಡಿದ್ದಲ್ಲ.

ಭಾಗ 6

ಶೀಟಲ್ಲಿ ಅಣ್ಣ ಬಿಟ್ಟಿದ್ದ ಒಂದು ಸಾಲು: ಭಾರತ ತೆರಿಗೆ ಹಾಕೋದು ಪೌರತ್ವ ಒಂದನ್ನೇ ನೋಡಿ ಅಲ್ಲ, ಮುಖ್ಯವಾಗಿ ವರ್ಷದಲ್ಲಿ ಎಷ್ಟು ದಿನ ಇಲ್ಲಿದ್ದೆ ಅಂತ ನೋಡಿ. 182 ದಿನದ ಲೆಕ್ಕ ಹಳೇದು. 2020ರ ತಿದ್ದುಪಡಿಯಿಂದ, ಇಲ್ಲಿನ ಆದಾಯ 15 ಲಕ್ಷ ದಾಟಿದ್ರೆ ಊರಿಗೆ ಬಂದುಹೋಗೋರಿಗೆ 120 ದಿನವೇ ಮುಳುವಾಗಬಹುದು. ಮತ್ತೆ ಅವನ ಹೆಸರಲ್ಲಿರೋ ಮೇಲಿನ ಮಹಡಿ ಬಾಡಿಗೆ? ಅವನು ಚಂದ್ರನ ಮೇಲಿದ್ರೂ ಅದಕ್ಕೆ ಇಲ್ಲೇ ತೆರಿಗೆ.

ಅಪ್ಪ ಈಗ ಆ ದಿನಗಳ ಲೆಕ್ಕ ಕ್ಯಾಲೆಂಡರಲ್ಲಿ ಬರೀತಿದ್ದಾರೆ. ಯುಗಾದಿಗೆ ಇಷ್ಟು, ದಸರಾಗೆ ಇಷ್ಟು, ಅಜ್ಜಿಗೆ ಏನಾದ್ರೂ ಆದ್ರೆ ಅಂತ ಹತ್ತು ದಿನ ಬೇರೆ.

ನಿನ್ನೆ ಅಣ್ಣ ಫ್ಯಾಮಿಲಿ ಗ್ರೂಪಿಗೆ ಒಂದು ಮ್ಯಾಪ್ ಕಳಿಸಿದ. ಲಾರ್ನಾಕಾದಲ್ಲಿ ನೋಡಿರೋ ಫ್ಲ್ಯಾಟ್ ಹತ್ತಿರದ ದೊಡ್ಡ ರಸ್ತೆ. ಗ್ರೀಕ್ ಅಕ್ಷರದಲ್ಲಿ ಬರೆದಿದೆ, ಜನರಲ್ ತಿಮ್ಮಯ್ಯ ಅವೆನ್ಯೂ. ಅಪ್ಪ ಕನ್ನಡಕ ಹಾಕ್ಕೊಂಡು ಅದನ್ನ ಝೂಮ್ ಮಾಡಿ ಮಾಡಿ ನೋಡಿದ್ರು. "ರಸ್ತೇಲಿ ಮರ ಇದೆಯೇನೋ ಕೇಳು" ಅಂದ್ರು ನನಗೆ.