ಮರವೇ ದಾಖಲೆ: ಹಳೆಯ ಗಿಟಾರ್ ಗುರುತಿಸುವ ವಿದ್ಯೆ ಬೆಳೆದ ಬಗೆ

1898ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಜರೆತ್ ಊರಿನ ಮಾರ್ಟಿನ್ ಕಂಪನಿ ತನ್ನ ಗಿಟಾರ್‌ಗಳಿಗೆ ಕ್ರಮಸಂಖ್ಯೆ ಹಾಕಲು ಶುರುಮಾಡಿತು. ಎಣಿಕೆ ಹೊರಟಿದ್ದು ಒಂದರಿಂದಲ್ಲ, 8000ದಿಂದ. ಅದುವರೆಗಿನ ಅರವತ್ತೈದು ವರ್ಷಗಳಲ್ಲಿ ಹೆಚ್ಚುಕಡಿಮೆ ಅಷ್ಟು ವಾದ್ಯಗಳು ಹೊರಬಿದ್ದಿರಬಹುದು ಎಂಬ ಅಂದಾಜಿನ ಮೇಲೆ ಹಿಡಿದ ಅಂಕಿ ಅದು. ಹಳೆಯ ಗಿಟಾರ್‌ಗಳ ಲೋಕದಲ್ಲಿ ಅತ್ಯಂತ ನಂಬಿಕಸ್ಥ ಎನಿಸಿಕೊಂಡ ಸಂಖ್ಯಾಮಾಲಿಕೆಯ ತಳಪಾಯವೇ ಹೀಗೆ ಒಂದು ಊಹೆ.

ಹಳೆಯ ಅಕೂಸ್ಟಿಕ್ ಗಿಟಾರನ್ನು ಗುರುತಿಸಿ ಬೆಲೆಗಟ್ಟುವ ವಿದ್ಯೆ ಇಂದು ಸಂಗ್ರಹಾಲಯ, ಹರಾಜುಕಟ್ಟೆ, ಪ್ರಯೋಗಾಲಯಗಳವರೆಗೆ ಹರಡಿದೆ. ಅದರ ಚರಿತ್ರೆಯ ಉದ್ದಕ್ಕೂ ಒಂದು ಸಂಗತಿ ಎದ್ದು ಕಾಣುತ್ತದೆ: ತಯಾರಕರು ಬರೆದಿಟ್ಟ ಗುರುತುಗಳು ಮತ್ತೆ ಮತ್ತೆ ದಾರಿ ತಪ್ಪಿಸಿವೆ, ಬರೆದಿಡುವಷ್ಟು ಮುಖ್ಯವಲ್ಲವೆಂದು ಅವರು ಬಿಟ್ಟ ಸಣ್ಣಪುಟ್ಟ ಬದಲಾವಣೆಗಳೇ ಕೊನೆಗೆ ಸಾಕ್ಷಿ ಹೇಳಿವೆ. ಅಮೆರಿಕದ ಚಪ್ಪಟೆ ಮೈಯ ಗಿಟಾರ್‌ಗಳನ್ನು ಹಿಡಿದು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮೊಹರು ಮತ್ತು ಅಂಕಿ

ಮೊದಲು ಎಲ್ಲರೂ ನಂಬಿದ್ದು ಹೆಸರನ್ನು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮಾರ್ಕ್‌ನಾಯ್‌ಕಿರ್ಷನ್‌ನಲ್ಲಿ 1796ರಲ್ಲಿ ಹುಟ್ಟಿದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಿಗೆ ಬಂದು ಅಂಗಡಿ ಇಟ್ಟರು. 1839ರ ಹೊತ್ತಿಗೆ ನಜರೆತ್‌ಗೆ ವಾಸ ಬದಲಿಸಿದರು. ಆದರೆ ಮಾರಾಟದ ವಹಿವಾಟು ನ್ಯೂಯಾರ್ಕಿನಲ್ಲೇ ಉಳಿದಿದ್ದರಿಂದ ಗಿಟಾರ್‌ಗಳ ಮೇಲೆ 1898ರವರೆಗೂ ‘ನ್ಯೂಯಾರ್ಕ್’ ಎಂಬ ಮೊಹರೇ ಬೀಳುತ್ತಿತ್ತು. ಮೊಹರನ್ನು ನೋಡಿ ಊರು ಹೇಳಹೊರಟವರು ಸುಮಾರು ಆರು ದಶಕಗಳ ವಾದ್ಯಗಳ ವಿಷಯದಲ್ಲಿ ಎಡವುತ್ತಾರೆ. ಮೊಹರು ಉಪಯೋಗಕ್ಕೆ ಬರುವುದು ಬೇರೆ ರೀತಿಯಲ್ಲಿ. 1867ರಲ್ಲಿ ಹೆಸರಿನ ಮುಂದೆ ‘ಅಂಡ್ ಕಂಪನಿ’ ಸೇರಿತು. ಹಾಗಾಗಿ ಆ ಎರಡು ಪದಗಳು ಇವೆಯೋ ಇಲ್ಲವೋ ಎಂಬುದೇ ಕಾಲವನ್ನು ಎರಡು ಭಾಗ ಮಾಡುತ್ತದೆ.

ಕ್ರಮಸಂಖ್ಯೆ ಬಂದ ಮೇಲೆ ಮಾರ್ಟಿನ್ ಮಟ್ಟಿಗೆ ಕೆಲಸ ಹಗುರವಾಯಿತು. ಪ್ರತಿ ವರ್ಷದ ಕೊನೆಯ ಸಂಖ್ಯೆ ಯಾವುದೆಂಬ ಪಟ್ಟಿ ಉಳಿದು ಬಂದಿರುವುದರಿಂದ, ಒಳಗಿನ ಮರದ ತುಂಡಿನ ಮೇಲೆ ಒತ್ತಿದ ಅಂಕಿಯನ್ನು ಅದಕ್ಕೆ ಹೋಲಿಸಿದರೆ ವರ್ಷ ಸಿಗುತ್ತದೆ. 1930ರ ಕೊನೆಯಿಂದ ಮಾದರಿಯ ಹೆಸರೂ ಅಲ್ಲೇ ಇದೆ.

ಮಿಷಿಗನ್ ರಾಜ್ಯದ ಕಲಮಜೂನಲ್ಲಿ 1902ರಲ್ಲಿ ಶುರುವಾದ ಗಿಬ್ಸನ್ ಕಂಪನಿಯ ಲೆಕ್ಕ ಇಷ್ಟು ಸಲೀಸಲ್ಲ. ಅಲ್ಲಿ ಕ್ರಮಸಂಖ್ಯೆಯ ಜೊತೆಗೆ, ಒಂದೇ ಸಲಕ್ಕೆ ತಯಾರಾಗುವ ಗುಂಪಿಗೆ ಕೊಡುತ್ತಿದ್ದ ಕಾರ್ಖಾನೆ ಸಂಖ್ಯೆ ಬೇರೆ. ಅಗ್ಗದ ಮಾದರಿಗಳಿಗೆ ಎಷ್ಟೋ ಬಾರಿ ಅದೊಂದೇ. 1960ರ ದಶಕದಲ್ಲಂತೂ ಒಂದೇ ಸಂಖ್ಯೆ ಬೇರೆ ಬೇರೆ ವರ್ಷದ ಗಿಟಾರ್‌ಗಳ ಮೇಲೆ ಕಾಣಿಸಿಕೊಂಡಿದೆ. 1977ರಲ್ಲಿ ಎಂಟಂಕಿಯ ಪದ್ಧತಿ ಬಂದು, ಮೊದಲ ಮತ್ತು ಐದನೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ವರ್ಷ ತಿಳಿಯುವಂತಾಯಿತು. ಅದಕ್ಕೂ ಹಿಂದಿನ ಗಿಬ್ಸನ್ ಕೈಗೆ ಬಂದರೆ ಅಂಕಿಯನ್ನು ನೆಚ್ಚಿ ಕೂರುವಂತಿಲ್ಲ, ವಾದ್ಯವನ್ನೇ ನೋಡಬೇಕು.

ಸೆಕೆಂಡ್‌ಹ್ಯಾಂಡ್ ಮಾಲು ‘ವಿಂಟೇಜ್’ ಆದದ್ದು

ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಹಳೆಯ ಗಿಟಾರ್ ಅಂದರೆ ಬಳಸಿ ಬಿಟ್ಟ ಮಾಲು, ಹೊಸದಕ್ಕಿಂತ ಅಗ್ಗ. ಆ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದವರು 1950–60ರ ದಶಕಗಳ ಜಾನಪದ ಮತ್ತು ಬ್ಲೂಗ್ರಾಸ್ ಸಂಗೀತದ ಹುಡುಗರು. ಹಳೆಯ ಧ್ವನಿಮುದ್ರಿಕೆಗಳಲ್ಲಿ ಕೇಳಿದ ನಾದ ಅಂಗಡಿಯ ಹೊಸ ಗಿಟಾರ್‌ಗಳಲ್ಲಿ ಸಿಗದೆ ಅವರು ಗಿರವಿ ಅಂಗಡಿಗಳನ್ನು ಜಾಲಾಡಿದರು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ವಾದ್ಯಗಳು ಹಗುರವಾಗಿದ್ದವು, ಮಂದ್ರದಲ್ಲಿ ತುಂಬಿ ನುಡಿಯುತ್ತಿದ್ದವು. ಕಿವಿಗೆ ಗೊತ್ತಾದ ವ್ಯತ್ಯಾಸಕ್ಕೆ ಕಾರಣ ಹುಡುಕುವುದರಿಂದ ಈ ವಿದ್ಯೆ ಮೊದಲಾಯಿತು.

1968ರಲ್ಲಿ ಮಾರ್ಟಿನ್ ಕಂಪನಿ ಸೇರಿದ ಮೈಕ್ ಲಾಂಗ್‌ವರ್ತ್ ಕಾರ್ಖಾನೆಯ ಕಡತಗಳನ್ನು ಕೆದಕಿ 1975ರಲ್ಲಿ ಕಂಪನಿಯ ಚರಿತ್ರೆಯನ್ನು ಪುಸ್ತಕವಾಗಿ ತಂದರು. ಯಾವ ವರ್ಷ ಯಾವ ಭಾಗ ಬದಲಾಯಿತು ಎಂಬ ಮಾಹಿತಿ ಮೊದಲ ಬಾರಿಗೆ ಸಾರ್ವಜನಿಕರ ಕೈಗೆ ಬಂತು. 1970ರಲ್ಲಿ ನ್ಯಾಶ್‌ವಿಲ್‌ನಲ್ಲಿ ಅಂಗಡಿ ತೆರೆದ ಜಾರ್ಜ್ ಗ್ರೂನ್ ಪ್ರಾಣಿಶಾಸ್ತ್ರ ಓದಿದವರು, ಹಾವು ಸಾಕುವವರು. ಜೀವಿಗಳನ್ನು ಲಕ್ಷಣ ಹಿಡಿದು ವರ್ಗೀಕರಿಸುವ ಪದ್ಧತಿಯನ್ನೇ ಅವರು ತಂತಿವಾದ್ಯಗಳಿಗೆ ಅನ್ವಯಿಸಿದರು. ವಾಲ್ಟರ್ ಕಾರ್ಟರ್ ಜೊತೆಗೂಡಿ 1991ರಲ್ಲಿ ಹೊರತಂದ ಅವರ ಕೈಪಿಡಿ ಈ ವ್ಯಾಪಾರದವರೆಲ್ಲರ ಮೇಜಿನ ಮೇಲೆ ಬಂದು ಕೂತಿತು. ತಲೆಯ ಆಕಾರ, ಅಂಚಿನ ಪಟ್ಟಿ, ಬ್ರಿಡ್ಜ್, ಬಿರಡೆ ಹೀಗೆ ಒಂದೊಂದು ಅಂಗವನ್ನೂ ನೋಡುತ್ತ ಆಯ್ಕೆಗಳನ್ನು ಕಿರಿದು ಮಾಡಿಕೊಳ್ಳುತ್ತ ಹೋಗುವ ಕ್ರಮ ಆಗ ಗಟ್ಟಿಯಾಯಿತು.

ಈ ಕೈಪಿಡಿ ಬರುವ ಮೊದಲೇ ಕಂಪನಿಗೂ ತನ್ನ ಹಳೆಯ ಕೆಲಸದ ಬೆಲೆ ತಿಳಿದಿತ್ತು. ದಶಕಗಳ ಹಿಂದೆ ಕೈಬಿಟ್ಟ ರಚನೆಯನ್ನು ಮಾರ್ಟಿನ್ 1976ರಲ್ಲಿ ಎಚ್‌ಡಿ-28 ಎಂಬ ಮಾದರಿಯಾಗಿ ಮತ್ತೆ ಮಾರುಕಟ್ಟೆಗೆ ತಂದಿತು.

ಕನ್ನಡಿ, ಟಾರ್ಚು, ಅಯಸ್ಕಾಂತ

ಆ ರಚನೆ ಯಾವುದೆಂದು ನೋಡಲು ಗಿಟಾರ್‌ನ ಒಳಗೆ ಇಣುಕಬೇಕು. ಮುಂಭಾಗದ ಹಲಗೆ ಮೂರು ಮಿಲಿಮೀಟರಿನ ಆಸುಪಾಸು ದಪ್ಪ. ಉಕ್ಕಿನ ತಂತಿಗಳ ಎಳೆತಕ್ಕೆ ಅದು ಬಾಗಿಹೋಗದಂತೆ ಹಿಂದಿನಿಂದ ಎಕ್ಸ್ ಅಕ್ಷರದಂತೆ ಹಾಯುವ ಎರಡು ಮರದ ಪಟ್ಟಿಗಳು ತಡೆಯುತ್ತವೆ. ಮಾರ್ಟಿನ್ ಈ ಜೋಡಣೆಯನ್ನು 1840ರ ದಶಕದಲ್ಲೇ, ಇನ್ನೂ ಕರುಳಿನ ತಂತಿಗಳಿದ್ದ ಕಾಲದಲ್ಲಿ ಬಳಸಿದ್ದರು. ಉಕ್ಕಿನ ತಂತಿ 1920ರ ದಶಕದಲ್ಲಿ ರೂಢಿಗೆ ಬಂದಾಗ ಅದರ ನಿಜವಾದ ಪ್ರಯೋಜನ ಕಂಡಿತು.

ಮಾರ್ಟಿನ್‌ನ ಡಿ-28 ಮಾದರಿಯನ್ನೇ ಕೈಗೆತ್ತಿಕೊಳ್ಳೋಣ. ಧ್ವನಿರಂಧ್ರದೊಳಗೆ ಪುಟ್ಟ ಕನ್ನಡಿ ಇಳಿಸಿ ಟಾರ್ಚು ಹಿಡಿದರೆ ಪಟ್ಟಿಗಳು ಕಾಣುತ್ತವೆ. ಪಟ್ಟಿಯ ನಡುಭಾಗವನ್ನು ಉಳಿಯಿಂದ ತೋಡಿ ತೆಳುವಾಗಿಸಿ, ತುದಿಯ ಬಳಿ ಮತ್ತೆ ದಿಬ್ಬದಂತೆ ಏರಿಸಿದ್ದರೆ ಅದು 1944ರ ಕೊನೆಯೊಳಗಿನ ಕೆಲಸ. ದಪ್ಪ ತಂತಿ ಹಾಕುವವರು ಹೆಚ್ಚಿ ಹಲಗೆಗಳು ಉಬ್ಬತೊಡಗಿದ್ದರಿಂದ ಕಂಪನಿ ತೋಡುವುದನ್ನು ನಿಲ್ಲಿಸಿ ಪಟ್ಟಿಯನ್ನು ನೇರವಾಗಿ ಬಿಟ್ಟಿತು. ಎಕ್ಸ್ ಕೂಡುವ ಜಾಗ ಧ್ವನಿರಂಧ್ರದಿಂದ ಸುಮಾರು ಒಂದೇ ಇಂಚು ದೂರದಲ್ಲಿದ್ದರೆ ಕಾಲ ಇನ್ನೂ ಹಿಂದಕ್ಕೆ, 1930ರ ದಶಕದ ಕೊನೆಗಿಂತ ಮುಂಚೆಗೆ ಹೋಗುತ್ತದೆ. ಮುಂಭಾಗದ ಅಂಚಿನಲ್ಲಿ ಮೀನಿನ ಮುಳ್ಳಿನಂಥ ಕಪ್ಪು-ಬಿಳಿ ಮರದ ಪಟ್ಟಿ ಇದ್ದರೆ 1947ರ ಆರಂಭದ ಈಚಿನದಲ್ಲ.

ಕುತ್ತಿಗೆಯ ಒಳಗೆ ಏನಿದೆ ಎಂದು ಬಿಚ್ಚಿ ನೋಡಲಾಗದು. ಅದಕ್ಕೆ ಅಯಸ್ಕಾಂತ ಸಾಕು. 1934ರಿಂದ ಮಾರ್ಟಿನ್ ಕುತ್ತಿಗೆಯಲ್ಲಿ ಟಿ ಆಕಾರದ ಉಕ್ಕಿನ ಪಟ್ಟಿ ಇರುತ್ತಿತ್ತು. ಯುದ್ಧದ ವರ್ಷಗಳಲ್ಲಿ ಲೋಹಕ್ಕೆ ತಡೆ ಬಿದ್ದಾಗ ಅದರ ಬದಲು ಎಬೊನಿ ಮರದ ಪಟ್ಟಿ ಸೇರಿತು. ಬೆರಳುಹಲಗೆಯ ಮೇಲೆ ಇಟ್ಟ ಅಯಸ್ಕಾಂತ ಹಿಡಿದುಕೊಳ್ಳದಿದ್ದರೆ ಯುದ್ಧಕಾಲದ ಗಿಟಾರ್ ಇರಬಹುದೆಂಬ ಮೊದಲ ಸುಳಿವು ಅದೇ. ಇನ್ನು 1960ರ ದಶಕದ ನಡುವಿನಿಂದ ತಲೆಯ ಚೂಪು ಮೂಲೆಗಳು ದುಂಡಗಾದವು. ಗುರುತು ಹಾಕುವ ಅಚ್ಚು ಬಳಸಿ ಬಳಸಿ ಸವೆದದ್ದೇ ಅದಕ್ಕೆ ಕಾರಣವೆನ್ನುತ್ತಾರೆ. ದೂರು, ಕೊರತೆ, ಸವೆತ ಇವು ಯಾವ ಜಾಹೀರಾತಿಗೂ ಬರಲಿಲ್ಲ; ವರ್ಷ ಹೇಳುವುದು ಮಾತ್ರ ಇವೇ.

ಕಂಪನಿ ಅಲ್ಲಗಳೆದ ಗಿಟಾರ್‌ಗಳು

ಬರೆದಿಟ್ಟ ಚರಿತ್ರೆಗೂ ವಾದ್ಯಕ್ಕೂ ನೇರ ಜಗಳ ಬಿದ್ದದ್ದು ಗಿಬ್ಸನ್ ವಿಷಯದಲ್ಲಿ. ಯುದ್ಧಕಾಲದಲ್ಲಿ ಕಾರ್ಖಾನೆ ಸೇನೆಯ ಕೆಲಸಕ್ಕೆ ತಿರುಗಿತ್ತು, ಗಿಟಾರ್ ತಯಾರಿಕೆ ನಿಂತಿತ್ತು ಎಂಬುದು ಬಹುಕಾಲ ಚಾಲ್ತಿಯಲ್ಲಿದ್ದ ಮಾತು. ಆದರೆ ತಲೆಯ ಮೇಲೆ ‘ಓನ್ಲಿ ಎ ಗಿಬ್ಸನ್ ಈಸ್ ಗುಡ್ ಎನಫ್’ ಎಂಬ ಪಟ್ಟಿ ಬರೆದ, 1942ರಲ್ಲಿ ಬಂದ ಜೆ-45ರಂಥ ಗಿಟಾರ್‌ಗಳು ಸಂಗ್ರಾಹಕರ ಕೈಯಲ್ಲಿ ಇದ್ದೇ ಇದ್ದವು. ಜಾನ್ ಥಾಮಸ್ ಎಂಬ ಕಾನೂನು ಪ್ರಾಧ್ಯಾಪಕರು ಕಾರ್ಖಾನೆಯ ಮುಂದೆ ಸಾಲಾಗಿ ನಿಂತ ಹೆಂಗಸರ ಹಳೆಯ ಗುಂಪು ಚಿತ್ರವೊಂದನ್ನು ಹಿಡಿದು, ಬದುಕಿದ್ದವರನ್ನು ಹುಡುಕಿ ಮಾತಾಡಿಸಿದರು. ಗಿಟಾರ್‌ಗಳನ್ನು ಎಕ್ಸ್‌ರೇಗೆ ಒಡ್ಡಿ ಒಳಗಿನ ಕೆಲಸದ ನಯವನ್ನೂ ನೋಡಿದರು. ಗಂಡಸರು ಯುದ್ಧಕ್ಕೆ ಹೋದಾಗ ಸಾವಿರಾರು ಗಿಟಾರ್‌ಗಳನ್ನು ಮಾಡಿದ್ದು ಈ ಹೆಂಗಸರೇ ಎಂಬುದನ್ನು ಅವರ ‘ಕಲಮಜೂ ಗ್ಯಾಲ್ಸ್’ ಪುಸ್ತಕ ಮುಂದಿಟ್ಟಿತು.

ಕ್ಷೇತ್ರ ಹೀಗೆ ಹಿಗ್ಗಿದಾಗ ಅಗ್ಗದ ವಾದ್ಯಗಳಿಗೂ ಗೌರವ ಬಂತು. ಜರ್ಸಿ ಸಿಟಿಯ ಆಸ್ಕರ್ ಶ್ಮಿಟ್ ಕಾರ್ಖಾನೆಯ ಸ್ಟೆಲ್ಲಾ, ಶಿಕಾಗೋದ ಹಾರ್ಮನಿ ಇವು ಅಂಚೆ ಕ್ಯಾಟಲಾಗ್ ನೋಡಿ ಬಡವರೂ ತರಿಸಿಕೊಳ್ಳಬಹುದಾಗಿದ್ದ ಗಿಟಾರ್‌ಗಳು. ಒಳಗೆ ಎಕ್ಸ್ ಬದಲು ಏಣಿಯ ಮೆಟ್ಟಿಲಿನಂತೆ ಅಡ್ಡ ಪಟ್ಟಿಗಳು. ಆ ಒರಟು, ಗಡಸು ದನಿಯಿಲ್ಲದೆ ಬ್ಲೂಸ್ ಗಾಯಕ ಲೆಡ್‌ಬೆಲ್ಲಿಯವರ ಹನ್ನೆರಡು ತಂತಿಯ ಸಂಗೀತವನ್ನು ಊಹಿಸಲಾಗದು. ಅವರ ಕೈಯಲ್ಲಿದ್ದದ್ದು ಸ್ಟೆಲ್ಲಾ. ಹಾರ್ಮನಿಗಳ ಒಳಮೈಯಲ್ಲಿ ಎಫ್ ಅಥವಾ ಎಸ್ ಅಕ್ಷರದ ಜೊತೆ ವರ್ಷದ ಎರಡಂಕಿ ಶಾಯಿಯಲ್ಲಿ ಒತ್ತಿರುವುದು ಎಷ್ಟೋ ಸಲ ಸಿಗುತ್ತದೆ.

ಬೀಟೆಯ ಪಾಲು

ಮರದ ಗುರುತಿನ ವಿಷಯಕ್ಕೆ ಬಂದರೆ ಕಥೆ ನಮ್ಮ ಪಶ್ಚಿಮಘಟ್ಟದವರೆಗೂ ಬರುತ್ತದೆ. ಡಿ-28ರ ಹಿಂಬದಿ, ಪಕ್ಕೆಗಳಿಗೆ ಮೊದಲಿನಿಂದಲೂ ಬ್ರೆಜಿಲ್‌ನ ರೋಸ್‌ವುಡ್ ಬಳಕೆಯಲ್ಲಿತ್ತು. ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿದ ಮೇಲೆ 1969ರಲ್ಲಿ ಮಾರ್ಟಿನ್ ಭಾರತದ ರೋಸ್‌ವುಡ್‌ಗೆ ಬದಲಾಯಿಸಿತು. ಅದು ದಕ್ಷಿಣ ಭಾರತದ ಕಾಡುಗಳ ಬೀಟೆ. ಮೈಸೂರಿನ ಕುಶಲಕರ್ಮಿಗಳು ಪೆಟ್ಟಿಗೆ, ಚಿತ್ರಪಟಗಳಲ್ಲಿ ಕುಸುರಿ ಕೂರಿಸುವ ಅದೇ ಮರ. ನೇರ ಎಳೆ, ನೇರಳೆ ಬೆರೆತ ಕಂದು ಬೀಟೆಯ ಸಾಮಾನ್ಯ ಲಕ್ಷಣ. ಬ್ರೆಜಿಲ್‌ನದರಲ್ಲಿ ಕೆಂಪು-ಕಿತ್ತಳೆ ಮೈ ಮೇಲೆ ಮಸಿ ಹರಿದಂಥ ಕಪ್ಪು ಗೆರೆಗಳು ಹೆಚ್ಚು. ಆದರೆ ನೇರವಾಗಿ ಸೀಳಿದ ಬ್ರೆಜಿಲ್ ಹಲಗೆ ಬೀಟೆಯ ಹಾಗೆಯೇ ಕಂಡು ಪಳಗಿದ ಕಣ್ಣನ್ನೂ ಯಾಮಾರಿಸುತ್ತದೆ.

ಈ ವ್ಯತ್ಯಾಸ ಈಗ ಬರಿಯ ಅಭಿರುಚಿಯ ವಿಷಯವಲ್ಲ. ಬ್ರೆಜಿಲ್ ರೋಸ್‌ವುಡ್ 1992ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟೀಸ್ ಒಪ್ಪಂದದ ಅತ್ಯಂತ ಬಿಗಿಯಾದ ಪಟ್ಟಿಗೆ ಸೇರಿತು. ಪರವಾನಗಿಯಿಲ್ಲದೆ ಆ ಮರದ ಗಿಟಾರ್ ಗಡಿ ದಾಟುವಂತಿಲ್ಲ. 2017ರ ಜನವರಿಯಲ್ಲಿ ಬೀಟೆಯೂ ಸೇರಿ ಆ ಕುಲದ ಉಳಿದ ಮರಗಳೆಲ್ಲ ಎರಡನೆಯ ಪಟ್ಟಿಗೆ ಬಂದು ವಾದ್ಯ ವ್ಯಾಪಾರ ಕಂಗೆಟ್ಟಿತು. 2019ರ ನವೆಂಬರ್‌ನಲ್ಲಿ ಈ ಎರಡನೆಯ ಪಟ್ಟಿಯ ಮರಗಳಿಂದ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಮೆರಿಕದ ವನ್ಯಜೀವಿ ಇಲಾಖೆಯ ಒರೆಗಾನ್ ಪ್ರಯೋಗಾಲಯ ಮರದ ಚೂರಿನ ರಾಸಾಯನಿಕಗಳನ್ನು ಅಳೆದು ಜಾತಿ ಗುರುತಿಸುವ ವಿಧಾನವನ್ನು ಬೆಳೆಸಿದೆ. ಕಣ್ಣಂದಾಜಿನಿಂದ ಹೊರಟ ವಿದ್ಯೆ ನ್ಯಾಯಾಲಯಕ್ಕೆ ಒಪ್ಪುವ ಪುರಾವೆಯ ಹಂತ ಮುಟ್ಟಿದೆ.

ಅಸಲು, ಬೆಲೆ, ನಾದ

ಗುರುತು ಹಿಡಿದ ಮೇಲೆ ಉಳಿಯುವ ಪ್ರಶ್ನೆ ಬೆಲೆಯದು. ಯುದ್ಧಕ್ಕೆ ಮುಂಚೆ 91 ಮಾತ್ರ ತಯಾರಾದ ಡಿ-45ಕ್ಕೆ ಬೆಲೆ ಬರುವುದು ಅದರ ವಿರಳತೆಯಿಂದ. ರಾಕ್ ಗಾಯಕ ಕರ್ಟ್ ಕೋಬೇನ್ ನುಡಿಸಿದ 1959ರ ಡಿ-18ಇ 2020ರ ಹರಾಜಿನಲ್ಲಿ 60 ಲಕ್ಷ ಡಾಲರ್ ದಾಟಿದ್ದು ಒಡೆಯನ ಹೆಸರಿನಿಂದ. ಮರಕ್ಕೂ ಕೆಲಸಕ್ಕೂ ಅಷ್ಟು ಬೆಲೆ ಯಾರೂ ಕಟ್ಟಿರಲಿಲ್ಲ. ಇವೆರಡರ ನಡುವೆ ವ್ಯಾಪಾರಿಗಳು ಹಿಡಿದಿರುವ ಅಳತೆಗೋಲು ‘ಅಸಲುತನ’. ಮೂಲ ಪಾಲಿಶ್ ಕೆರೆದು ಹೊಸದು ಬಳಿದಿದ್ದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆಂಬುದು ಅವರ ರೂಢಿಯ ಲೆಕ್ಕ. ಅದನ್ನು ಪತ್ತೆಮಾಡಲು ನೇರಳಾತೀತ ದೀಪ ಬಳಸುತ್ತಾರೆ: ಹಳೆಯ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹಸಿರು ಮಿಶ್ರಿತ ಹಳದಿಯಾಗಿ ಹೊಳೆದರೆ ಈಚಿನ ತೇಪೆ ಬೇರೆಯೇ ಬಣ್ಣ ತೋರಿಸುತ್ತದೆ.

ಆದರೆ ಅಸಲುತನವೇ ಎಲ್ಲವೂ ಅಲ್ಲ ಎನ್ನಲು 58957 ಸಂಖ್ಯೆಯ ಗಿಟಾರ್ ಸಾಕು. 1935ರ ಈ ಡಿ-28 ಬ್ಲೂಗ್ರಾಸ್ ವಾದಕ ಕ್ಲಾರೆನ್ಸ್ ವೈಟ್ ಅವರದಾಗಿತ್ತು. ಅವರು ತೀರಿಕೊಂಡ ನಂತರ, 1975ರಲ್ಲಿ, ಇನ್ನೊಬ್ಬ ಬ್ಲೂಗ್ರಾಸ್ ವಾದಕ ಟೋನಿ ರೈಸ್ 550 ಡಾಲರಿಗೆ ಕೊಂಡರು. ಧ್ವನಿರಂಧ್ರವನ್ನು ಯಾರೋ ಕೊರೆದು ಅಗಲ ಮಾಡಿದ್ದರು, ಬೆರಳುಹಲಗೆ ಮೂಲದ್ದಲ್ಲ. ಕೈಪಿಡಿಯ ಪ್ರಕಾರ ಕೆಟ್ಟುಹೋದ ವಾದ್ಯ. ಟೋನಿ ರೈಸ್ ದಶಕಗಳ ಕಾಲ ಅದರಲ್ಲಿ ನುಡಿಸಿದ ಮೇಲೆ ಸ್ಯಾಂಟಾ ಕ್ರೂಜ್ ಕಂಪನಿ ಅಗಲ ರಂಧ್ರವೂ ಸೇರಿದ ಹೊಸ ಗಿಟಾರ್‌ಗಳನ್ನು ಅವರ ಹೆಸರಿನಲ್ಲಿ ಮಾಡಿ ಮಾರಿತು. ಹಾಳು ಎನಿಸಿಕೊಂಡದ್ದೇ ಮಾದರಿಯಾಯಿತು.

ಈ ಹಲವು ದಶಕಗಳ ಅನುಭವದಿಂದ ಹೊರಟ ನಿಯಮ ಸರಳ. ಮೊಹರು, ಸಂಖ್ಯೆ, ಪಟ್ಟಿ, ಮರ, ಪಾಲಿಶ್ ಇವುಗಳಲ್ಲಿ ಯಾವುದೊಂದನ್ನೂ ಒಂಟಿಯಾಗಿ ನಂಬಬಾರದು. ಎಲ್ಲವೂ ಒಂದೇ ವರ್ಷದತ್ತ ಬೆರಳು ತೋರಿಸಬೇಕು. ತೋರಿಸದಿದ್ದರೆ ಎಲ್ಲೋ ರಿಪೇರಿ ಆಗಿದೆ ಅಥವಾ ಮೋಸ ನಡೆದಿದೆ. ಮನೆಯ ಅಟ್ಟದಲ್ಲಿ ಅಜ್ಜನದೋ ಚಿಕ್ಕಪ್ಪನದೋ ಗಿಟಾರ್ ಸಿಕ್ಕವರು ಮಾಡಬೇಕಾದದ್ದೂ ಇದರಿಂದಲೇ ಗೊತ್ತಾಗುತ್ತದೆ. ತಂತಿ ಸಡಿಲಿಸಿ, ಒಳಗಿನ ಬರಹದ ಫೋಟೊ ತೆಗೆದಿಟ್ಟುಕೊಳ್ಳಿ. ಪಾಲಿಶ್ ಹೊಡೆಸುವ ಗೋಜಿಗೆ ಹೋಗಬೇಡಿ. ಬಿರಡೆ ಬದಲಿಸಲೇಬೇಕಾದರೆ ಬದಲಿಸಿ, ಆದರೆ ಬಿಚ್ಚಿದ ಹಳೆಯ ಬಿರಡೆಗಳನ್ನೂ ತಿರುಪುಗಳನ್ನೂ ಒಂದು ಪೊಟ್ಟಣ ಕಟ್ಟಿ ಗಿಟಾರ್ ಪೆಟ್ಟಿಗೆಯಲ್ಲೇ ಇಡಿ. ಮುಂದೆ ಅದರ ವಯಸ್ಸು ಕೇಳುವವರು ಮೊದಲು ಹುಡುಕುವುದು ಅವನ್ನೇ.