ಹುಲಿಚರ್ಮ ಸುಟ್ಟ ಬೆಂಕಿ

2003ರ ಅಕ್ಟೋಬರ್ ತಿಂಗಳಲ್ಲಿ ಟಿಬೆಟ್‌ನಲ್ಲಿ ಅಧಿಕಾರಿಗಳು ಕಳ್ಳಸಾಗಣೆಯ ಸರಕೊಂದನ್ನು ಹಿಡಿದರು. ಬಿಚ್ಚಿ ಎಣಿಸಿದಾಗ ಅದರಲ್ಲಿ 31 ಹುಲಿ, 581 ಚಿರತೆ ಮತ್ತು 778 ನೀರುನಾಯಿಗಳ ಚರ್ಮಗಳಿದ್ದವು. ಒಂದೇ ಸಲಕ್ಕೆ ಸಾಗುತ್ತಿದ್ದ ಮಾಲು ಅದು. ಎತ್ತರದ ಟಿಬೆಟ್ ಪ್ರಸ್ಥಭೂಮಿ ಹುಲಿಯ ನೆಲೆಯಲ್ಲ. ಅಲ್ಲಿ ಮಾರಾಟವಾಗುತ್ತಿದ್ದ ಹುಲಿಚರ್ಮಗಳಲ್ಲಿ ಹೆಚ್ಚಿನವು ಭಾರತದ ಕಾಡುಗಳಿಂದ, ನೇಪಾಳದ ಕಣಿವೆ ದಾರಿಗಳನ್ನು ಹಾದು ಬಂದಂಥವು.

ಇದಕ್ಕೂ ಮೂರು ವರ್ಷ ಮೊದಲು, 2000ದ ಜನವರಿಯಲ್ಲಿ, ಉತ್ತರ ಪ್ರದೇಶದ ಫತೇಪುರ ಜಿಲ್ಲೆಯ ಖಾಗಾ ಎಂಬ ಊರಿನಲ್ಲಿ ಪೊಲೀಸರು 70 ಚಿರತೆ ಚರ್ಮ, 4 ಹುಲಿಚರ್ಮ ಹಾಗೂ 18,080 ಚಿರತೆ ಉಗುರುಗಳನ್ನು ವಶಪಡಿಸಿಕೊಂಡಿದ್ದರು. ಒಂದು ಚಿರತೆಗೆ 18 ಉಗುರುಗಳು. ಲೆಕ್ಕ ಹಾಕಿದರೆ ಸಾವಿರ ಚಿರತೆಗಳ ಸಾವು ಆ ಗಂಟುಗಳಲ್ಲಿ ಕಟ್ಟಿ ಇಡಲಾಗಿತ್ತು.

ಇಷ್ಟೊಂದು ಚರ್ಮವನ್ನು ಕೊಳ್ಳುವವರು ಯಾರು? ಈ ಪ್ರಶ್ನೆಗೆ ಸಿಕ್ಕ ಉತ್ತರ ಅನೇಕರನ್ನು ತಬ್ಬಿಬ್ಬು ಮಾಡಿತು. ಅಹಿಂಸೆಯನ್ನು ಮೊದಲ ಶೀಲವೆಂದು ಭಾವಿಸುವ ಬೌದ್ಧರೇ ದೊಡ್ಡ ಗಿರಾಕಿಗಳಾಗಿದ್ದರು. ಆ ಮಾರುಕಟ್ಟೆಯನ್ನು ಕುಸಿಯುವಂತೆ ಮಾಡಿದ್ದು ಕೂಡ ಒಬ್ಬ ಬೌದ್ಧ ಭಿಕ್ಷುವಿನ ಮಾತೇ.

ವೀರನ ಉಡುಗೆ

ಟಿಬೆಟನ್ನರ ಉದ್ದನೆಯ ನಿಲುವಂಗಿಗೆ ಚುಬಾ ಎಂದು ಹೆಸರು. ಅದರ ಅಂಚಿಗೆ ಹುಲಿ, ಚಿರತೆ ಅಥವಾ ನೀರುನಾಯಿಯ ಚರ್ಮದ ಪಟ್ಟಿ ಹೊಲಿಸುವುದು ಪೂರ್ವ ಟಿಬೆಟ್‌ನ ಖಾಮ್ ಮತ್ತು ಅಮ್ದೊ ಪ್ರಾಂತ್ಯಗಳಲ್ಲಿ ಪ್ರತಿಷ್ಠೆಯ ಗುರುತಾಗಿತ್ತು. ಇದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. ಏಳರಿಂದ ಒಂಬತ್ತನೇ ಶತಮಾನದವರೆಗೆ ಬಾಳಿದ ಟಿಬೆಟನ್ ಸಾಮ್ರಾಜ್ಯದಲ್ಲಿ ಯುದ್ಧದಲ್ಲಿ ಪರಾಕ್ರಮ ತೋರಿದ ಯೋಧನಿಗೆ ಹುಲಿಚರ್ಮದ ಗೌರವ ಸಲ್ಲುತ್ತಿತ್ತು. ಹೇಡಿಗೆ ದೊರೆಯುತ್ತಿದ್ದುದು ನರಿಯ ಬಾಲ.

ಹಳೆಯ ಕಾಲದಲ್ಲಿ ಇಂಥ ಉಡುಗೆ ಕೆಲವೇ ಸಿರಿವಂತರಿಗೆ ದಕ್ಕುತ್ತಿತ್ತು. ಇಪ್ಪತ್ತನೇ ಶತಮಾನದ ಕೊನೆಯ ಹೊತ್ತಿಗೆ ಪರಿಸ್ಥಿತಿ ಬದಲಾಯಿತು. ಪ್ರಸ್ಥಭೂಮಿಯ ಹುಲ್ಲುಗಾವಲುಗಳಲ್ಲಿ ಸಿಗುವ ಯಾರ್ಸಾಗುಂಬಾ ಎಂಬ ಔಷಧೀಯ ಶಿಲೀಂಧ್ರಕ್ಕೆ ಚೀನಾದ ಪೇಟೆಯಲ್ಲಿ ಬಂಗಾರದ ಬೆಲೆ ಬಂದು, ದನಗಾಹಿಗಳ ಕೈಯಲ್ಲೂ ಹಣ ಓಡಾಡತೊಡಗಿತು. ಬೇಸಿಗೆಯ ಕುದುರೆ ಜಾತ್ರೆಗಳಲ್ಲಿ ಇಡೀ ಹುಲಿಚರ್ಮವನ್ನೇ ಮೈಮೇಲೆ ಹೊದ್ದು ಮೆರೆಯುವುದು ಹೊಸ ಶೋಕಿಯಾಯಿತು.

ಅತ್ತ ಶೋಕಿ ಏರಿದಂತೆ ಇತ್ತ ಕಾಡು ಬರಿದಾಯಿತು. 2005ರ ಆರಂಭದಲ್ಲಿ ರಾಜಸ್ಥಾನದ ಸರಿಸ್ಕಾ ಅಭಯಾರಣ್ಯದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂಬ ಸುದ್ದಿ ದೇಶವನ್ನು ಬೆಚ್ಚಿಬೀಳಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1973ರ ಹುಲಿ ಯೋಜನೆ ಎರಡೂ ಜಾರಿಯಲ್ಲಿದ್ದಾಗಲೇ ಇದು ನಡೆದುಹೋಗಿತ್ತು.

ವಿನಯದ ನಿಯಮ

ಬೌದ್ಧ ಧರ್ಮಕ್ಕೂ ನಿಸರ್ಗಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಮಳೆಗಾಲದಲ್ಲಿ ಭಿಕ್ಷುಗಳು ಒಂದೇ ಕಡೆ ನೆಲೆಸಬೇಕೆಂಬ ವರ್ಷಾವಾಸದ ನಿಯಮ ಹುಟ್ಟಿದ ಬಗೆಯನ್ನು ವಿನಯ ಪಿಟಕ ಹೇಳುತ್ತದೆ. ಮಳೆಯಲ್ಲಿ ತಿರುಗುವ ಭಿಕ್ಷುಗಳು ಎಳೆ ಹುಲ್ಲನ್ನೂ ಸಣ್ಣಪುಟ್ಟ ಜೀವಿಗಳನ್ನೂ ತುಳಿದು ಹಾಳು ಮಾಡುತ್ತಾರೆಂದು ಜನ ದೂರಿದರಂತೆ. ಅದನ್ನು ಕೇಳಿ ಬುದ್ಧ ಈ ನಿಯಮ ಮಾಡಿದನಂತೆ. ಗಿಡಮರಗಳನ್ನು ಕಡಿಯುವುದೂ ಭಿಕ್ಷುವಿಗೆ ಅಪರಾಧವೇ.

ಇನ್ನೂ ಕುತೂಹಲದ ಸಂಗತಿಯೊಂದಿದೆ. ಪಾಲಿ ವಿನಯದ ಮಹಾವಗ್ಗದಲ್ಲಿ ಚರ್ಮದ ಬಳಕೆ ಕುರಿತೇ ಒಂದು ಅಧ್ಯಾಯವಿದೆ. ಸಿಂಹ, ಹುಲಿ, ಚಿರತೆಗಳ ಚರ್ಮವನ್ನು ಭಿಕ್ಷುಗಳು ಬಳಸಕೂಡದೆಂದು ಅದು ಹೆಸರು ಹಿಡಿದು ಹೇಳುತ್ತದೆ. ಪಾದರಕ್ಷೆಗಳ ಅಲಂಕಾರಕ್ಕೆ ನಿಷೇಧಿಸಿದ ಚರ್ಮಗಳ ಪಟ್ಟಿಯಲ್ಲಿ ನೀರುನಾಯಿಯೂ ಸೇರಿದೆ. 2003ರಲ್ಲಿ ಟಿಬೆಟ್‌ನಲ್ಲಿ ಸಿಕ್ಕಿಬಿದ್ದ ಮೂರೂ ಬಗೆಯ ಚರ್ಮಗಳು ಎರಡು ಸಾವಿರ ವರ್ಷಗಳಷ್ಟು ಹಿಂದಿನ ಆ ಪಟ್ಟಿಯಲ್ಲಿವೆ. ಆದರೆ ಈ ನಿಯಮ ಸಂಘದ ಭಿಕ್ಷುಗಳಿಗೆ ಮಾತ್ರ ಅನ್ವಯಿಸುವಂಥದು. ಗೃಹಸ್ಥನ ಉಡುಗೆಯ ತಂಟೆಗೆ ಅದು ಹೋಗಿರಲಿಲ್ಲ.

ರಾಜಾಜ್ಞೆಯ ರೂಪದಲ್ಲೂ ಪ್ರಾಣಿದಯೆಯ ಪ್ರಯತ್ನಗಳು ನಡೆದಿವೆ. ಕೊಲ್ಲಬಾರದ ಪ್ರಾಣಿ ಪಕ್ಷಿಗಳ ಉದ್ದನೆಯ ಪಟ್ಟಿಯನ್ನು ಅಶೋಕ ತನ್ನ ಐದನೇ ಸ್ತಂಭ ಶಾಸನದಲ್ಲಿ ಕೊರೆಯಿಸಿದ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅವನ ಶಾಸನ ತಂದೆ ತಾಯಿಗಳ ಸೇವೆ, ಸತ್ಯವಚನಗಳ ಜೊತೆಗೆ ಜೀವಿಗಳ ಬಗ್ಗೆ ನಡೆದುಕೊಳ್ಳಬೇಕಾದ ರೀತಿಯನ್ನೂ ಹೇಳುತ್ತದೆ. ಟಿಬೆಟ್‌ನಲ್ಲಿ ಹದಿನೇಳನೇ ಶತಮಾನದ ಐದನೇ ದಲೈ ಲಾಮಾ ಕಾಲದಿಂದ ಬೇಟೆ ನಿಷೇಧದ ಆಜ್ಞೆಗಳು ಹೊರಡುತ್ತಿದ್ದವು. ‘ಬೆಟ್ಟಕ್ಕೆ ಮುದ್ರೆ, ಕಣಿವೆಗೆ ಮುದ್ರೆ’ ಎಂಬುದು ಈ ಪದ್ಧತಿಗೆ ಅಲ್ಲಿನ ಜನ ಇಟ್ಟ ಹೆಸರು. ಮುದ್ರೆ ಬಿದ್ದ ಬೆಟ್ಟದಲ್ಲಿ ಬೇಟೆಯಾಡುವಂತಿರಲಿಲ್ಲ. ಸುತ್ತಲಿನ ಮಠಗಳೇ ಅದರ ಕಾವಲುಗಾರರು.

ಈ ಹಳೆಯ ನಂಟನ್ನು ಇಂದಿನ ಪರಿಸರ ಚಳವಳಿಯೊಂದಿಗೆ ಬೆಸೆಯುವ ಯತ್ನ ಮೊದಲು ಸ್ಪಷ್ಟವಾಗಿ ಕಾಣಿಸಿದ್ದು 1986ರಲ್ಲಿ. ವಿಶ್ವ ವನ್ಯಜೀವಿ ನಿಧಿ ತನ್ನ 25ನೇ ವರ್ಷಾಚರಣೆಯನ್ನು ಇಟಲಿಯ ಅಸ್ಸಿಸಿ ಪಟ್ಟಣದಲ್ಲಿ ನಡೆಸಿದಾಗ ಐದು ಧರ್ಮಗಳ ಮುಖಂಡರನ್ನು ಕರೆಸಿತ್ತು. ನಿಸರ್ಗ ಕುರಿತ ಬೌದ್ಧರ ಘೋಷಣೆಯನ್ನು ಅಲ್ಲಿ ಮಂಡಿಸಿದವರು ಟಿಬೆಟನ್ ಮಠಾಧಿಪತಿಯೊಬ್ಬರು.

ಕೃಷ್ಣೆಯ ದಡದಲ್ಲಿ

ಹುಲಿಚರ್ಮದ ಜಾಡು ಹಿಡಿದು ಹೊರಟವರು ವನ್ಯಜೀವಿ ಕಾರ್ಯಕರ್ತರು. 1994ರಲ್ಲಿ ಸ್ಥಾಪನೆಯಾದ ವೈಲ್ಡ್‌ಲೈಫ್ ಪ್ರೊಟೆಕ್ಷನ್ ಸೊಸೈಟಿ ಆಫ್ ಇಂಡಿಯಾ ಮತ್ತು ಲಂಡನ್ನಿನ ಎನ್ವಿರಾನ್‌ಮೆಂಟಲ್ ಇನ್ವೆಸ್ಟಿಗೇಷನ್ ಏಜೆನ್ಸಿಯ ತನಿಖೆಗಾರರು 2005ರ ಬೇಸಿಗೆಯಲ್ಲಿ ಟಿಬೆಟನ್ ಪ್ರದೇಶಗಳಲ್ಲಿ ಸುತ್ತಾಡಿ ಗುಟ್ಟಾಗಿ ಚಿತ್ರೀಕರಣ ನಡೆಸಿದರು. ಲಾಸಾದ ಅಂಗಡಿಗಳಲ್ಲಿ ಹುಲಿ ಚಿರತೆಗಳ ಚರ್ಮದ ಚುಬಾಗಳು ರಾಜಾರೋಷವಾಗಿ ತೂಗಾಡುತ್ತಿದ್ದವು. ಕುದುರೆ ಜಾತ್ರೆಗಳಲ್ಲಿ ಚರ್ಮ ಹೊದ್ದವರಿಗೆ ಯಾರ ಅಂಜಿಕೆಯೂ ಇರಲಿಲ್ಲ.

ಪೊಲೀಸರನ್ನು ಮಾತ್ರ ನೆಚ್ಚಿಕೊಂಡರೆ ಈ ವ್ಯಾಪಾರ ನಿಲ್ಲುವುದಿಲ್ಲವೆಂಬುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು. ಕೊಳ್ಳುವವನ ಮನಸ್ಸು ಬದಲಾಗಬೇಕಿತ್ತು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಬ್ರಿಟನ್ನಿನ ಕೇರ್ ಫಾರ್ ದಿ ವೈಲ್ಡ್ ಸಂಸ್ಥೆಗಳು ದಲೈ ಲಾಮಾ ಅವರ ನೆರವು ಕೋರಿದವು. 2005ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಜಂಟಿ ಜಾಗೃತಿ ಆಂದೋಲನ ಆರಂಭವಾಯಿತು.

ಮರುವರ್ಷ ಜನವರಿಯಲ್ಲಿ ಆಂಧ್ರಪ್ರದೇಶದ ಅಮರಾವತಿಯಲ್ಲಿ ಕಾಲಚಕ್ರ ದೀಕ್ಷೆಯ ಮಹಾ ಸಮಾವೇಶ. ಕೃಷ್ಣಾ ನದಿಯ ದಡದ ಈ ಊರು ಪ್ರಾಚೀನ ಸ್ತೂಪಕ್ಕೆ ಹೆಸರಾದದ್ದು. ನಮ್ಮ ಬೈಲಕುಪ್ಪೆ, ಮುಂಡಗೋಡಗಳ ಭಿಕ್ಷುಗಳೂ ಅಲ್ಲಿದ್ದರು. ಇವರೊಂದಿಗೆ ಟಿಬೆಟ್‌ನಿಂದಲೇ ಹಿಮಾಲಯ ದಾಟಿ ಬಂದಿದ್ದ ಸಾವಿರಾರು ಯಾತ್ರಿಕರೂ ಸೇರಿದ್ದರು. ಅವರೆದುರು ದಲೈ ಲಾಮಾ ಚರ್ಮದ ಉಡುಗೆಯ ವಿಷಯ ಎತ್ತಿದರು. ಚರ್ಮ ಹೊದ್ದವರ ಚಿತ್ರಗಳನ್ನು ನೋಡಿ ತಮಗೆ ನಾಚಿಕೆಯಾಯಿತೆಂದರು. ಊರಿಗೆ ಮರಳಿದ ಮೇಲೆ ಕಾಡುಪ್ರಾಣಿಗಳ ಚರ್ಮವನ್ನು ಕೊಳ್ಳಬೇಡಿ, ಮಾರಬೇಡಿ, ತೊಡಬೇಡಿ ಎಂದು ಕೇಳಿಕೊಂಡರು. ಸಂಘಕ್ಕೆ ಮೀಸಲಾಗಿದ್ದ ನಿಯಮ ಅಂದು ಗೃಹಸ್ಥರ ಮನೆ ಬಾಗಿಲಿಗೂ ಬಂತು.

ಉರಿದ ಪ್ರತಿಷ್ಠೆ

ಯಾತ್ರಿಕರು ಊರು ಸೇರಿದ ಕೆಲವೇ ದಿನಗಳಲ್ಲಿ, 2006ರ ಫೆಬ್ರುವರಿ ತಿಂಗಳಲ್ಲಿ, ಯಾರೂ ನಿರೀಕ್ಷಿಸದ ಘಟನೆಗಳು ನಡೆದವು. ಅಮ್ದೊ ಪ್ರಾಂತ್ಯದ ರೆಬ್ಕೊಂಗ್, ನಬಾ ಮುಂತಾದ ಕಡೆ ಜನ ತಮ್ಮ ಪೆಟ್ಟಿಗೆಗಳಲ್ಲಿದ್ದ ಹುಲಿ, ಚಿರತೆ, ನೀರುನಾಯಿ ಚರ್ಮಗಳನ್ನು ಹೊರತಂದು ರಾಶಿ ಹಾಕಿ ಬೆಂಕಿ ಇಟ್ಟರು. ಒಂದೊಂದು ಚುಬಾಕ್ಕೂ ಒಂದು ಕುಟುಂಬದ ಹಲವು ವರ್ಷಗಳ ಉಳಿತಾಯ ಖರ್ಚಾಗಿತ್ತು. ಮದುವೆಗೆಂದು ಮಾಡಿಸಿಟ್ಟದ್ದು, ಅಜ್ಜನ ಕಾಲದಿಂದ ಬಂದದ್ದು ಎಲ್ಲವೂ ಬೂದಿಯಾದವು.

ಚೀನಾದ ಅಧಿಕಾರಿಗಳಿಗೆ ಇದು ಇಕ್ಕಟ್ಟಿನ ಪ್ರಸಂಗ. ಹುಲಿಚರ್ಮದ ವ್ಯಾಪಾರ ಅವರ ಕಾನೂನಿನ ಪ್ರಕಾರವೂ ಅಪರಾಧ. ಆದರೆ ದೇಶಭ್ರಷ್ಟ ಧರ್ಮಗುರುವಿನ ಒಂದು ಮಾತಿಗೆ ಇಡೀ ಪ್ರಾಂತ್ಯ ಓಗೊಟ್ಟಿತೆಂಬುದು ಅವರ ಕಣ್ಣಿಗೆ ರಾಜಕೀಯವಾಗಿ ಕಂಡಿತು. ಬಹಿರಂಗವಾಗಿ ಚರ್ಮ ಸುಡುವುದಕ್ಕೆ ತಡೆ ಬಿತ್ತು. ಕೆಲವರ ಬಂಧನವೂ ಆಯಿತು. ಟಿಬೆಟನ್ ದೂರದರ್ಶನದ ನಿರೂಪಕರಿಗೆ ಚರ್ಮದ ಉಡುಗೆ ತೊಡುವಂತೆ ಸೂಚಿಸಲಾಯಿತೆಂದು ಆಗ ವರದಿಗಳು ಬಂದಿದ್ದವು.

ಸುಟ್ಟವರ ಮನಸ್ಸಿನಲ್ಲಿ ಪ್ರಾಣಿದಯೆ ಎಷ್ಟು, ಗುರುನಿಷ್ಠೆ ಎಷ್ಟು ಎಂದು ತೂಗುವುದು ಕಷ್ಟ. ಎರಡೂ ಬೆರೆತೇ ಆ ಬೆಂಕಿ ಹೊತ್ತಿತ್ತು. ಪರಿಣಾಮ ಮಾತ್ರ ಖಚಿತ. ನಂತರದ ವರ್ಷಗಳಲ್ಲಿ ಮತ್ತೆ ಅಲ್ಲಿಗೆ ಹೋದ ತನಿಖೆಗಾರರಿಗೆ ಜಾತ್ರೆಗಳಲ್ಲಿ ಚರ್ಮದ ಉಡುಗೆ ತೊಟ್ಟ ಟಿಬೆಟನ್ನರು ವಿರಳವಾಗಿ ಕಂಡರು.

ಆದರೆ ವ್ಯಾಪಾರ ಸಾಯಲಿಲ್ಲ, ಗಿರಾಕಿ ಬದಲಾದ. ಮನೆ ಅಲಂಕಾರಕ್ಕೆ ಹುಲಿಚರ್ಮದ ಹಾಸು ಬಯಸುವ ಚೀನಾದ ಹೊಸ ಶ್ರೀಮಂತರು ಆ ಜಾಗಕ್ಕೆ ಬಂದರು. ಧರ್ಮಗುರುವಿನ ಮಾತು ತಲುಪುವುದು ಅದನ್ನು ನಂಬುವವರ ಕಿವಿಗೆ ಮಾತ್ರ.

ಹಿಮಚಿರತೆಯ ನೆರೆಹೊರೆ

ಅದೇ ಪ್ರಸ್ಥಭೂಮಿಯಲ್ಲಿ, ಹೆಚ್ಚು ಸದ್ದುಗದ್ದಲವಿಲ್ಲದೆ ಇನ್ನೊಂದು ಕೆಲಸ ನಡೆಯಿತು. ಹಳದಿ ನದಿ, ಯಾಂಗ್‌ಟ್ಸೆ, ಮೆಕಾಂಗ್ ಈ ಮೂರು ಮಹಾನದಿಗಳು ಹುಟ್ಟುವ ಚಿಂಗ್ಹಾಯ್ ಪ್ರಾಂತ್ಯದ ಸಾನ್‌ಜಿಯಾಂಗ್‌ಯುವಾನ್ ಪ್ರದೇಶ ಹಿಮಚಿರತೆಗಳ ತವರು. ಪೀಕಿಂಗ್ ವಿಶ್ವವಿದ್ಯಾಲಯ, ಚೀನಾದ ಶಾನ್ ಶುಯಿ ಸಂರಕ್ಷಣಾ ಕೇಂದ್ರ ಮತ್ತು ಅಮೆರಿಕದ ಪ್ಯಾಂಥೆರಾ ಸಂಸ್ಥೆಯ ಸಂಶೋಧಕರು ಅಲ್ಲಿನ ಮಠಗಳ ಸ್ಥಾನಗಳನ್ನು ಹಿಮಚಿರತೆಯ ನೆಲೆಗಳ ನಕ್ಷೆಯೊಂದಿಗೆ ಹೋಲಿಸಿ ನೋಡಿದರು. ಪ್ರಾಣಿ ವಿಜ್ಞಾನಿ ಜಾರ್ಜ್ ಶಾಲರ್ ಕೂಡ ಈ ತಂಡದಲ್ಲಿದ್ದರು. 2014ರಲ್ಲಿ ‘ಕನ್ಸರ್ವೇಷನ್ ಬಯಾಲಜಿ’ ಪತ್ರಿಕೆಯಲ್ಲಿ ಅಚ್ಚಾದ ಅವರ ಲೇಖನದ ಪ್ರಕಾರ, ಪ್ರದೇಶದ 336 ಮಠಗಳಲ್ಲಿ ಶೇ 46ರಷ್ಟು ಹಿಮಚಿರತೆಯ ನೆಲೆಯ ಒಳಗೇ ಇವೆ. ಶೇ 90ರಷ್ಟು ಮಠಗಳು ಆ ನೆಲೆಯಿಂದ 5 ಕಿಲೋಮೀಟರ್ ಒಳಗಿವೆ.

ಇದರಲ್ಲಿ ಅಚ್ಚರಿಯೇನಿಲ್ಲ. ಧ್ಯಾನಕ್ಕೆ ಏಕಾಂತ ಬಯಸಿದ ಲಾಮಾಗಳು ಕಡಿದಾದ ಬಂಡೆಗಳ ನಡುವೆ ಮಠ ಕಟ್ಟಿದರು. ಹಿಮಚಿರತೆಗೂ ಅಂಥದೇ ಜಾಗ ಬೇಕು. ಮಠದ ಹಿಂದಿನ ಬೆಟ್ಟ ದೇವತೆಯ ವಾಸಸ್ಥಾನವೆಂಬ ನಂಬಿಕೆಯಿಂದ ಅಲ್ಲಿ ಬೇಟೆ ನಿಷಿದ್ಧ. ಬೇಟೆಯಿಲ್ಲದ ಬೆಟ್ಟದಲ್ಲಿ ನೀಲಿ ಕುರಿಗಳು ಉಳಿದವು. ಅವನ್ನು ತಿಂದು ಹಿಮಚಿರತೆಯೂ ಉಳಿಯಿತು. ಮಠಗಳ ಕಟ್ಟುಪಾಡು ಮತ್ತು ಕಾವಲಿನಿಂದ 8,342 ಚದರ ಕಿಲೋಮೀಟರಿನಷ್ಟು ಹಿಮಚಿರತೆ ನೆಲೆಗೆ ರಕ್ಷಣೆ ಸಿಗಬಲ್ಲದೆಂದು ಸಂಶೋಧಕರು ಅಂದಾಜು ಮಾಡಿದರು. ಸರ್ಕಾರಿ ಅಭಯಾರಣ್ಯದ ಗರ್ಭವಲಯಗಳೊಳಗೆ ಬರುವ ನೆಲೆಗಿಂತ ಇದು ಹೆಚ್ಚು.

2011ರಲ್ಲಿ ನಾಲ್ಕು ಮಠಗಳೊಂದಿಗೆ ಈ ಸಹಯೋಗ ಕಾರ್ಯರೂಪಕ್ಕೆ ಬಂತು. ಭಿಕ್ಷುಗಳು ಬೆಟ್ಟ ಸುತ್ತಿ ಕಾವಲು ಕಾಯುವುದು, ಕಂಡ ಪ್ರಾಣಿಗಳನ್ನು ದಾಖಲಿಸುವುದು, ಹಳ್ಳಿಗರಿಗೆ ತಿಳಿವಳಿಕೆ ಹೇಳುವುದು ಇದರ ಕ್ರಮ. ಯಾಕ್ ಕಳೆದುಕೊಂಡ ದನಗಾಹಿ ಸಿಟ್ಟಿನಿಂದ ಬಂದೂಕು ಎತ್ತದಂತೆ ಸಮಾಧಾನ ಹೇಳಲು ಅರಣ್ಯಾಧಿಕಾರಿಗಿಂತ ಊರಿನ ಲಾಮಾನೇ ಹೆಚ್ಚು ತಕ್ಕವನು. ಈ ಪ್ರದೇಶವನ್ನು ಚೀನಾ 2021ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ವಿಧಿವತ್ತಾಗಿ ಘೋಷಿಸಿತು. ಭಾರತ, ನೇಪಾಳ, ಭೂತಾನಗಳ ಹಿಮಾಲಯದ ಮಠಗಳಲ್ಲೂ ಇಂಥ ಪ್ರಯತ್ನ ನಡೆದಿದೆ. ಕರ್ಮಪಾ ಒಗ್ಯೆನ್ ತ್ರಿನ್ಲೆ ದೋರ್ಜೆ ಅವರ ಪ್ರೇರಣೆಯಿಂದ 2009ರಲ್ಲಿ ಆರಂಭವಾದ ‘ಖೋರ್ಯುಗ್’ ಎಂಬ ಮಠಗಳ ಕೂಟ ವಿಶ್ವ ವನ್ಯಜೀವಿ ನಿಧಿಯ ನೆರವಿನಿಂದ ಗಿಡ ನೆಡುವುದು, ನೀರು ಉಳಿಸುವುದು, ಕಸ ನಿರ್ವಹಣೆಯಂಥ ಕೆಲಸಗಳನ್ನು ಕೈಗೆತ್ತಿಕೊಂಡಿತು.

ನಂಬಿಕೆ ಮತ್ತು ಕಾನೂನು

ಕನ್ನಡಿಗರಿಗೆ ದೇವತೆಯ ಬೆಟ್ಟದ ಕಲ್ಪನೆ ಹೊಸದಲ್ಲ. 1960ರ ಸುಮಾರಿಗೆ ಅಂದಿನ ಮೈಸೂರು ರಾಜ್ಯ ಟಿಬೆಟನ್ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. ಅಲ್ಲಿಂದ ಕಾವೇರಿ ದಾಟಿದರೆ ಕೊಡಗು. ಊರ ದೇವರ ಹೆಸರಿನಲ್ಲಿ ಕೊಡಲಿ ತಾಗದೆ ಉಳಿದ ಸಾವಿರಕ್ಕೂ ಹೆಚ್ಚು ದೇವರಕಾಡುಗಳು ಅಲ್ಲಿವೆ. ಒತ್ತುವರಿಯಿಂದಾಗಿ ಅವು ಕಿರಿದಾಗುತ್ತ ಬಂದದ್ದೂ ನಮ್ಮ ಕಣ್ಣೆದುರಿನ ಸತ್ಯ. ನಂಬಿಕೆಯ ಬೇಲಿ ಗಟ್ಟಿಯಾಗಿರುವುದು ನಂಬುವವರು ಇರುವ ತನಕ.

ಅಂತೆಯೇ ಬರೀ ಕಾನೂನಿನ ಬೇಲಿಯ ಕಥೆ ಏನಾಗುತ್ತದೆಂಬುದನ್ನು ಸರಿಸ್ಕಾ ತೋರಿಸಿದೆ. 2006ರ ಗಣತಿಯಲ್ಲಿ ದೇಶದ ಹುಲಿಗಳ ಅಂದಾಜು ಸಂಖ್ಯೆ 1,411ಕ್ಕೆ ಇಳಿದಿತ್ತು. 2022ರ ಗಣತಿಯಲ್ಲಿ ಅದು 3,682. ಇದರಲ್ಲಿ ಕರ್ನಾಟಕದ ಪಾಲು 563. ಈ ಏರಿಕೆಯ ಶ್ರೇಯಸ್ಸು ಮುಖ್ಯವಾಗಿ ಕಾಡಿನಲ್ಲಿ ಹಗಲಿರುಳು ತಿರುಗಿದ ಕಾವಲುಗಾರರಿಗೆ, ಬಿಗಿಯಾದ ಆಡಳಿತಕ್ಕೆ ಸಲ್ಲಬೇಕು. ಗಣತಿಯ ಕ್ರಮ ಸುಧಾರಿಸಿದ್ದೂ ಒಂದು ಕಾರಣ. ಆದರೆ ಹುಲಿ ಅತ್ಯಂತ ಕಷ್ಟದಲ್ಲಿದ್ದ ವರ್ಷವೇ ಅದರ ಚರ್ಮದ ಒಂದು ದೊಡ್ಡ ಪೇಟೆ ತಾನಾಗಿಯೇ ಬಾಗಿಲು ಹಾಕಿಕೊಂಡಿತೆಂಬುದನ್ನು ಮರೆಯುವಂತಿಲ್ಲ. ಅದಕ್ಕಾಗಿ ಯಾವ ದೇಶವೂ ಹೊಸ ಕಾಯ್ದೆ ಮಾಡಬೇಕಾಗಲಿಲ್ಲ. ಕಷ್ಟಪಟ್ಟು ಕೂಡಿಸಿದ್ದನ್ನು ಕೈಯಾರೆ ಬೆಂಕಿಗೆ ಹಾಕಲು ಕೆಲವು ಸಾವಿರ ದನಗಾಹಿಗಳು ಮನಸ್ಸು ಮಾಡಿದ್ದರು.